ಸಾಹೇಬನ ಮೇಲಿನ ದೂರು

"ಕೊನೇ ಸಲ ಕೇಳ್ತೀನಿ. ನಾಯೀನ ಇಲ್ಲಿಗೆ ತರ್ತೀಯೋ ಇಲ್ವೋ?"

"ತರೋಕಾಗಲ್ಲ ಸಾರ್," ಎಂದ ಕ್ಷೌರಿಕ.

ಸಾಕುಪ್ರಾಣಿಗಳ ಮೇಲಿನ ದೂರು ಕೇಳುವ ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದ. ಎದುರಿಗೆ ಗ್ಯಾಸ್ ಸಿಲಿಂಡರ್ ಹೊರುವವ ಮುರಿದ ಕೈಯನ್ನು ಕತ್ತಿಗೆ ತೂಗುಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಕ್ಷೌರಿಕನ ಕೆಳಮನೆಯಾಕೆ. ಸಾಕ್ಷಿ ಹೇಳಲು ಬಂದವಳು; ಹೇಳದೆ ಹೋಗುವ ಪೈಕಿಯಲ್ಲ.

ಆದದ್ದು ಇಷ್ಟು. ಹೋದ ವಾರ ಸಂಜೆ ಆತ ಸಿಲಿಂಡರ್ ಹೊತ್ತು ಕ್ಷೌರಿಕನ ಮನೆಯ ಮೆಟ್ಟಿಲು ಹತ್ತಿದ್ದ. ಮುಚ್ಚಿದ ಬಾಗಿಲಿನ ಹಿಂದೆ ನಾಯಿ ಒಮ್ಮೆಲೇ ಆರ್ಭಟಿಸಿತು. ಬೆಚ್ಚಿ ಹಿಂದಕ್ಕೆ ಕಾಲಿಟ್ಟ. ಸಿಲಿಂಡರ್ ಒಂದು ಕಡೆ, ಅವನೊಂದು ಕಡೆ.

"ಕಚ್ಚಲೇಬೇಕು ಅಂತೇನಿಲ್ಲಪ್ಪ. ಹೆದರಿಸಿ ಬೀಳಿಸಿದ್ರೂ ಸಾಕಿದವನೇ ಹೊಣೆ," ಎಂದ ಅಧಿಕಾರಿ. "ನಾಯಿ ಹೆಸರೇನು?"

"ಸಾಹೇಬ."

"ನನ್ನನ್ನ ಕರೀಬೇಡ. ನಾಯಿ ಹೆಸರು ಕೇಳಿದೆ."

"ಅದೇ ಸಾರ್. ಸಾಹೇಬ."

ಕೈ ಮುರಿದವನಿಗೂ ನಗು ಬಂತು. ಅಧಿಕಾರಿಗೆ ಬರಲಿಲ್ಲ.

"ಈಗೆಲ್ಲಿದೆ?"

"ಮನೇಲಿದೆ ಸಾರ್."

"ಹಗಲೆಲ್ಲ ಉಸಿರೇ ಬಿಡಲ್ಲ ಸಾರ್ ಅದು," ಎಂದಳು ಕೆಳಮನೆಯಾಕೆ. "ಇವರು ಅಂಗಡಿ ಮುಚ್ಕೊಂಡು ಬರ್ಲಿ, ಆಮೇಲೆ ನೋಡಿ! ಮೊದಲೆಲ್ಲ ಇವರಮ್ಮನ ಹತ್ರ ಮಾತಾಡೋಕೆ ಮೇಲೆ ಹೋಗ್ತಿದ್ದೆ. ಈಗ ಆ ಮೆಟ್ಟಿಲೇ ಮರೆತುಹೋಗಿದೆ."

ಅಧಿಕಾರಿ ಸ್ವಲ್ಪ ಮೆತ್ತಗಾದ. "ನೋಡಪ್ಪ, ನಮ್ಮ ಡಾಕ್ಟರು ಒಂದ್ಸಲ ನೋಡ್ಲಿ. ಸಾಧು ಅಂತ ಅನ್ಸಿದ್ರೆ ಬಾಯಿಗೊಂದು ಪಟ್ಟಿ ಕಟ್ಟಿ ಮನೇಲೇ ಇಟ್ಕೋ. ತರದೇ ಇದ್ರೆ ನಾಳೆ ಬೆಳಗ್ಗೆ ವ್ಯಾನು ಬರುತ್ತೆ. ಆಯ್ಕೆ ನಿಂದು."

"ವ್ಯಾನು ಬೇಡ ಸಾರ್. ನಾನೇ ಇವತ್ತು ಕಳಿಸಿಬಿಡ್ತೀನಿ. ಇವರ ಆಸ್ಪತ್ರೆ ಖರ್ಚೂ ನಂದೇ."

ಸಿಲಿಂಡರಿನವ ತಟ್ಟನೆ ತಲೆಯೆತ್ತಿದ. "ಅಣ್ಣಾ, ಸಾಯಿಸಿಗೀಯಿಸಿಬಿಟ್ಟೀರಾ ಮತ್ತೆ. ಬಾಯಿಲ್ಲದ ಜೀವ."

ಕ್ಷೌರಿಕ ಅವನ ಮುಖ ನೋಡಲಾರದೆ ನೆಲ ನೋಡಿದ. ಕಣ್ಣ ಮೇಲೆ ಜೋಲುತ್ತಿದ್ದ ಕೂದಲನ್ನು ಹಿಂದಕ್ಕೆ ತಳ್ಳಿಕೊಂಡ.

"ಕ್ಷೌರದಂಗಡಿ ಇಟ್ಕೊಂಡು ಇದೇನಯ್ಯ ತಲೆ, ಪೊದೆ?" ಎಂದ ಅಧಿಕಾರಿ. "ಸರಿ. ನಾಳೆಯಿಂದ ಆ ಮನೆಯಿಂದ ನಾಯಿ ಧ್ವನಿ ಕೇಳಿಸಬಾರ್ದು. ಕೇಳಿಸ್ತೋ, ನೇರ ಕೋರ್ಟು."

"ಇಲ್ಲ ಸಾರ್. ಇನ್ನು ಕೇಳಿಸಲ್ಲ."

ಅಂಗಡಿಯಲ್ಲಿ ಗಿರಾಕಿಗಳು ಕಾದಿದ್ದರು. ಅವರು ಅವನನ್ನು ಕರೆಯುವುದು ರೇಡಿಯೋ ಎಂದೇ. ಮಾಜಿ ಹೆಡ್‌ಮಾಸ್ತರರ ಕೆಮ್ಮು, ಸ್ಟಾರ್ಟಾಗದ ಸ್ಕೂಟರು, ಬಾಡಿಗೆ ಕೇಳಲು ಬರುವ ಮಾಲೀಕನ ಗಂಟಲು, ಎಲ್ಲವೂ ಒಂದೇ ಕೊರಳಲ್ಲಿ.

"ಸಾಹೇಬರು ಏನಂದ್ರೋ ರೇಡಿಯೋ?"

ಕತ್ತರಿಯನ್ನೇ ಪೆನ್ನಿನ ಹಾಗೆ ಹಿಡಿದು, ಅಧಿಕಾರಿಯ ಮೂಗುಧ್ವನಿಯನ್ನೇ ಕಿತ್ತು ತಂದ: "ನಾಯಿ ಧ್ವನಿ ಕೇಳಿಸಬಾರ್ದು!" ಅಂಗಡಿ ಬಿದ್ದು ಬಿದ್ದು ನಕ್ಕಿತು. ಕನ್ನಡಿಯೊಳಗೆ ನಗದೆ ಉಳಿದದ್ದು ಅವನೊಬ್ಬನ ಮುಖ.

ಸಂಜೆ ಬಾಗಿಲು ತೆಗೆದಾಗ ಅಮ್ಮ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಕಣ್ಣು ಹೋದ ಮೇಲೆ ಅವಳಿಗೆ ಆ ಮನೆಯೆಂದರೆ ಸದ್ದುಗಳು. ಮೆಟ್ಟಿಲ ಮೇಲೆ ಅಪರಿಚಿತ ಹೆಜ್ಜೆ ಬಿದ್ದಾಗ ಸಾಹೇಬ ಬೊಗಳಿದರೆ ಧೈರ್ಯ. ಮಲಗುವ ಮುಂಚೆ ಅವನ ತಲೆ ಸವರಿದರೆ ನಿದ್ದೆ.

"ಬಂದ್ಯಾ ಪುಟ್ಟ? ಸಾಹೇಬ ಇವತ್ತೂ ಅಂಗಡೀಲಿ ನಿನ್ನ ಕಾಲ ಹತ್ರಾನೇ ಮಲಗಿದ್ನಾ?"

"ಹೂಂ ಅಮ್ಮ." ಅವನು ಮಂಚದ ಅಂಚಿಗೆ ಕೂತ. "ಅಮ್ಮ... ಅವನನ್ನ ಕಳಿಸಬೇಕಂತೆ. ಬೇರೆ ಕಡೆ ಇಟ್ಕೋತಾರೆ, ಚೆನ್ನಾಗಿ ನೋಡ್ಕೋತಾರೆ. ಈಗಲೇ ಕರ್ಕೊಂಡು ಹೋಗಿ ಬಿಟ್ಟುಬರ್ತೀನಿ."

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿದಳು.

"ಹೋಗೋಕೆ ಮುಂಚೆ ಒಂದ್ಸಲ ಇಲ್ಲಿಗೆ ಕರ್ಕೊಂಡು ಬಾ."

ಅವನು ಹಿಂದಿನ ಕೋಣೆಗೆ ಹೋದ. ಮೊಳೆಗೆ ನೇತುಹಾಕಿದ್ದ ಸರಪಳಿ, ಬೋರಲು ಹಾಕಿದ ತಟ್ಟೆ. ಎರಡು ವರ್ಷದಿಂದ ಆ ಕೋಣೆಯಲ್ಲಿ ಬೇರೇನೂ ಇರಲಿಲ್ಲ. ರಸ್ತೆ ದಾಟುವಾಗ ಲಾರಿಗೆ ಸಿಕ್ಕ ಸಾಹೇಬನನ್ನು ಊರಾಚೆ ಹೂತು ಬಂದ ಸಂಜೆ, ಅಮ್ಮ ಇದೇ ಮಂಚದ ಮೇಲೆ ಕೂತು "ಸಾಹೇಬ ಎಲ್ಲೋ?" ಎಂದಿದ್ದಳು. ಉತ್ತರ ಹೇಳಲು ಅವನ ಬಾಯಿಗೆ ಮಾತು ಬಂದಿರಲಿಲ್ಲ. ಬೊಗಳಲು ಬಂದಿತ್ತು.

ಸರಪಳಿ ಕೈಗೆ ಸುತ್ತಿಕೊಂಡ. ಮಂಡಿಯೂರಿ, ಅಂಗೈಯೂರಿ, ಅದನ್ನು ನೆಲದ ಮೇಲೆ ಎಳೆಯುತ್ತ ಮಂಚದ ಬಳಿಗೆ ಬಂದ. ಮೂಗಿನಲ್ಲೇ ಕುಂಯ್‌ಗುಟ್ಟಿ, ಜೋತುಬಿದ್ದ ಅಮ್ಮನ ಕೈಯಡಿ ತಲೆ ತೂರಿಸಿದ.

ಬೆರಳುಗಳು ಉದ್ದ ಕೂದಲೊಳಗೆ ಇಳಿದವು. ಹುಡುಗನಾಗಿದ್ದಾಗ ಜಾರುಬಂಡೆಯಿಂದ ಬಿದ್ದು ಹೊಲಿಗೆ ಹಾಕಿಸಿಕೊಂಡ ಗೆರೆ ನೆತ್ತಿಯ ಮೇಲಿತ್ತು. ಅಲ್ಲಿಗೆ ಬಂದು, ದಿನಾ ನಿಲ್ಲುವಂತೆ, ನಿಂತವು.

"ಹೋಗಿ ಬಾ ಸಾಹೇಬ," ಎಂದಳು ಅಮ್ಮ. "ಹಾಗೇ ನಮ್ಮ ಪುಟ್ಟನಿಗೆ ಹೇಳು, ಇನ್ನಾದ್ರೂ ಈ ತಲೆಗೊಂದು ಕತ್ತರಿ ಹಾಕಿಸ್ಕೊಳ್ಳಲಿ."