ನಡುಗುವ ಕೈಯ ಸೊಪ್ಪು

ಹೆಚ್ಚಿದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಿದ್ದರೆ ನನಗೆ ಕ್ಯಾಲನೂರಿನ ನಮ್ಮ ರೇಷ್ಮೆಹುಳದ ಮನೆ ನೆನಪಾಗುತ್ತದೆ.

ಸಾರಾಯಿ ವಾಸನೆ ತಗುಲಿದರೆ ಹುಳ ಸಾಯುತ್ತವೆಂದು ಅಜ್ಜಿ ತನ್ನ ಮಗನನ್ನೇ, ಅಂದರೆ ನಮ್ಮಪ್ಪನನ್ನೇ, ವರ್ಷಗಟ್ಟಲೆ ಅದರೊಳಗೆ ಬಿಟ್ಟಿರಲಿಲ್ಲ. ಅಪ್ಪ ಕುಡಿತ ಬಿಟ್ಟ ವಾರ, ಒಂದು ಮಧ್ಯಾಹ್ನ, ಬಾಗಿಲಲ್ಲಿ ನಿಲ್ಲಿಸಿ ಅವನ ಬಾಯಿ ಮೂಸಿ ನೋಡಿದಳು.

"ಹೋಗಪ್ಪ ಒಳಕ್ಕೆ," ಅಂದಳು.

ಮರಿಹುಳಗಳಿಗೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ತೆಳುವಾಗಿ ಉದುರಿಸಬೇಕು. ಅಪ್ಪ ಒಂದು ಹಿಡಿ ತೆಗೆದುಕೊಂಡ. ಮೈಯೆಲ್ಲ ಬೆವರು, ಕೈ ಗಡಗಡ ನಡುಗುತ್ತಿತ್ತು. ಅಷ್ಟರಲ್ಲಿ ಅವನ ಜೊತೆ ಕುಡಿಯುತ್ತಿದ್ದ ನನ್ನ ಸೋದರಮಾವ ಕಿಟಕಿಗೆ ಬಂದು ಬಾಟಲಿ ತೋರಿಸಿದ.

"ಬಾವ, ಆ ಕೈ ನೋಡ್ಕೋ. ಒಂದು ಗುಟುಕು ಹಾಕು, ನಡುಕ ನಿಂತೋಗುತ್ತೆ."

ಅಪ್ಪ ಬಾಟಲಿಯನ್ನೇ ನೋಡುತ್ತ ನಿಂತ. ಆಮೇಲೆ ಅವನು ಕೈಯನ್ನು ಹುಳದ ತಟ್ಟೆಯ ಮೇಲೆ ಚಾಚಿ ಬೆರಳು ಸಡಿಲಿಸಿದ. ಆ ನಡುಕಕ್ಕೇ ಸೊಪ್ಪು ಜರಡಿಯಿಂದ ಬಿದ್ದ ಹಾಗೆ ಸಮನಾಗಿ ಉದುರಿತು.

"ಯಾಕ್ಲಾ ನಿಲ್ಬೇಕು? ಎಷ್ಟು ಚೆನ್ನಾಗಿ ಬೀಳ್ತಿದೆ ನೋಡು," ಅಂದ ಅಪ್ಪ. "ನೀನು ಆ ಕಡೆ ಹೋಗು. ನಿನ್ನ ವಾಸನೆಗೆ ನನ್ನ ಹುಳ ಸಾಯ್ತವೆ."