ಗುಡ್ಡ ಹತ್ತದ ಸೈಕಲ್

ಗುಡ್ಡದ ಕೆಸರುದಾರಿಯಲ್ಲಿ ಐದು ಸುತ್ತಿನ ಸೈಕಲ್ ರೇಸು. ಮೂರನೆಯದಕ್ಕೇ ಕೈಚೆಲ್ಲಿದ ಅವನು ಸೈಕಲ್ ಬಿಸಾಕಿ, ಮಂಡಿಗಳ ನಡುವೆ ತಲೆ ತೂರಿಸಿ ಕೂತಿದ್ದ.

“ಬೇಜಾರ್ ಮಾಡ್ಕೋಬೇಡಪ್ಪ, ಇಷ್ಟು ಬಂದಿದ್ದೇ ದೊಡ್ಡದು,” ಎಂದಿತು ಪಕ್ಕದಲ್ಲೊಂದು ಹೆಣ್ಣುದನಿ.

ಸಮಾಧಾನ ಹೇಳುವವರೆಂದರೇ ಅವನಿಗೆ ಮೈಯುರಿ. ತಲೆ ಎತ್ತದೆಯೇ ಸಿಡುಕಿದ:

“ನಿಮಗೇನ್ ಗೊತ್ತು ಆಂಟಿ? ಬೇಲಿ ಪಕ್ಕ ನಿಂತು ಚಪ್ಪಾಳೆ ತಟ್ಟೋದಲ್ಲ ಇದು. ನನ್ ಕಾಲಲ್ಲಿ ಇನ್ನೂ ಕಸುವಿದೆ. ಈ ದರಿದ್ರ ಸೈಕಲ್ ಇಟ್ಕೊಂಡು ಆ ಗುಡ್ಡ ಯಾರಪ್ಪನ ಕೈಲೂ ಹತ್ತೋಕಾಗಲ್ಲ!”

“ಹಾಗಾದ್ರೆ ಅದು ನಿನಗೆ ಬೇಡ ತಾನೆ? ನನಗಿನ್ನೂ ಎರಡು ಸುತ್ತು ಬಾಕಿ, ಚೈನ್ ತುಂಡಾಗಿದೆ. ಬೇರೆ ಸೈಕಲ್ ತಗೋಬಹುದು ಅಂತ ರೂಲ್ಸಿದೆ.”

“ತಗೊಂಡ್ಹೋಗಿ. ಎಷ್ಟು ದೂರ ಹೋಗ್ತೀರೋ ನೋಡ್ತೀನಿ!”

ಅರ್ಧ ಗಂಟೆಯಲ್ಲಿ ಅವನ ಸೈಕಲ್ ಐದನೇ ಸುತ್ತು ಮುಗಿಸಿ ಬಂತು.