ಪಕ್ಕದ ಕೌಂಟಿಯ ರಸ್ತೆ

“ಗಂಡಿನ ಹೆಸರು?” ಎಂದು ಕೇಳಿದಳು ಕಾರ್ಲೀನ್, ಕಿಟಕಿಯ ಈಚೆಯಿಂದ.

“ಗಂಡಲ್ಲ, ಹೆಣ್ಣು,” ಎಂದಳು ಆಚೆ ನಿಂತಿದ್ದ ನಡೀನ್. ಅವಳ ಮೂಗಿಗೆ ಆಮ್ಲಜನಕದ ಕೊಳವೆ, ಪಕ್ಕದಲ್ಲಿ ಗಾಲಿ ಕಟ್ಟಿದ ಸಿಲಿಂಡರು. “ಗಾಡಿ ನಿಲ್ಸೋಕೆ ಹಿಂದ್ಗಡೆ ಹೋಗಿದಾಳೆ. ಒಂದ್ನಿಮಿಷ ಇರಿ, ಬಂದ್ಬಿಡ್ತಾಳೆ.”

ಬ್ರಾಡಿ ಕೌಂಟಿ ಎಂಬ ಆ ಜಿಲ್ಲೆಗೆ ಕಾರ್ಲೀನ್ ಕ್ಲರ್ಕು. ಜನರ ಓಟಿನಿಂದ ಗೆದ್ದ ಹುದ್ದೆ. ಅವಳ ಕಚೇರಿ ಪರವಾನಗಿ ಕೊಡದೆ ಆ ಗುಡ್ಡಗಾಡಿನಲ್ಲಿ ಯಾರ ಮದುವೆಯೂ ನಡೆಯುವಂತಿಲ್ಲ. ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಮದುವೆಯಾಗಬಹುದು ಎಂದು ದೇಶದ ದೊಡ್ಡ ಕೋರ್ಟು ಹೇಳಿ ಆಗಿತ್ತು. ಆದರೆ ಕಾರ್ಲೀನಳಿಗೆ ಕೋರ್ಟಿಗಿಂತ ದೊಡ್ಡವನೊಬ್ಬ ಮೇಲಿದ್ದ.

“ನಮ್ಮ ನಂಬಿಕೆ ಒಪ್ಪಲ್ಲ. ಪಕ್ಕದ ಕೌಂಟಿಗೆ ಹೋಗಿ, ರಸ್ತೆ ಚೆನ್ನಾಗಿದೆ.”

“ಅಷ್ಟು ದೂರ ಹೋಗೋಕೆ ನನ್ನತ್ರ ಉಸಿರಿಲ್ಲಮ್ಮ.”

ಕಾರ್ಲೀನ್ ಕಿಟಕಿ ಎಳೆದು ಮುಚ್ಚಿದಳು. ಸಿಲಿಂಡರಿನ ಗಾಲಿ ಕಿರುಗುಟ್ಟುತ್ತ ದೂರವಾಯಿತು. ಗಾಡಿ ನಿಲ್ಲಿಸಲು ಹೋದವಳು ಯಾರೋ ಏನೋ, ಅದನ್ನು ನೋಡುವ ಉಸಾಬರಿ ಅವಳಿಗೆ ಬೇಕಿರಲಿಲ್ಲ. ಮರುವಾರ ನಡೀನ್ ಆಸ್ಪತ್ರೆಯಲ್ಲಿ ತೀರಿಕೊಂಡಳೆಂಬ ಸುದ್ದಿ ಬಂದಾಗ ಕಾರ್ಲೀನ್ “ಪಾಪ” ಎಂದು ಕಾಫಿ ಮುಗಿಸಿದಳು.

ಟೀವಿಯವರು ಬಂದರು. ದಾವೆ ಬಿತ್ತು. ಕಾರ್ಲೀನ್ ರಾಜಧಾನಿಗೆ ಹೋಗಿ ಶಾಸಕರ ಮುಂದೆ ಕಣ್ಣೀರು ಹಾಕಿದಳು. ಕಣ್ಣೀರಿಗೆ ಫಲ ಸಿಕ್ಕಿತು: ನಂಬಿಕೆಗೆ ಒಗ್ಗದ ಮದುವೆಗೆ ಪರವಾನಗಿ ಕೊಡೆಂದು ಯಾವ ನೌಕರರನ್ನೂ ಬಲವಂತ ಮಾಡುವಂತಿಲ್ಲ, ಕೊಡದವರನ್ನು ಕೆಲಸದಿಂದ ತೆಗೆಯುವಂತೆಯೂ ಇಲ್ಲ ಎಂಬ ಕಾನೂನು ಬಂತು. ಈ ಗಲಾಟೆಗೆ ಬೇಸತ್ತು ಹಳೆಯ ಸಹಾಯಕಿ ಕೆಲಸ ಬಿಟ್ಟಳು. ಅವಳ ಜಾಗಕ್ಕೆ ವರ್ಡಿ ಬಂದಳು.

ವರ್ಡಿ ಗುಡ್ಡದ ಮೇಲಿನ ಹಳ್ಳಿಯವಳು. ಅರವತ್ತು ದಾಟಿದ ವಯಸ್ಸು, ಕಪ್ಪು ಉಡುಪು, ಬೆರಳಲ್ಲಿ ಸವೆದ ಉಂಗುರ. ವಿಧವೆಯಿರಬೇಕೆಂದು ಕಾರ್ಲೀನ್ ತಾನೇ ಅಂದುಕೊಂಡಳು. ಬೈಬಲಂತೂ ಅವಳ ನಾಲಗೆಯ ತುದಿಯಲ್ಲಿತ್ತು. ಕಾರ್ಲೀನಳಿಗೆ ಇನ್ನೇನು ಬೇಕು? ಚರ್ಚಿನ ವಾಡಿಕೆಯಂತೆ ಇಬ್ಬರೂ ಒಬ್ಬರನ್ನೊಬ್ಬರು ‘ಸಿಸ್ಟರ್’ ಎನ್ನತೊಡಗಿದರು. ಕಿಟಕಿಗೆ ಬೋರ್ಡು ಬರೆಸುವಾಗ ಸಲಹೆ ಕೊಟ್ಟವಳೂ ವರ್ಡಿಯೇ.

“ಇಂಥಾ ಮದುವೆ ಅಂತ ಬರೆಸ್ಬೇಡಿ ಸಿಸ್ಟರ್. ನಂಬಿಕೆ ಒಪ್ಪದ ಯಾವ ಮದುವೆಗೂ ಇಲ್ಲ ಅನ್ನಿ. ಆಗ ಯಾರೂ ಬೆರಳು ತೋರ್ಸೋ ಹಾಗಿಲ್ಲ.”

“ನೀವು ನಂಗೆ ದೇವ್ರು ಕಳ್ಸಿದ ಬಲಗೈ ಕಣ್ರೀ,” ಎಂದಳು ಕಾರ್ಲೀನ್.

ವರ್ಡಿಯಲ್ಲಿ ಒಂದೇ ಒಂದು ಐಬು. ಕಚೇರಿಯ ಹಿಂದೆ ಅಷ್ಟಗಲ ಜಾಗವಿದ್ದರೂ ತನ್ನ ಗಾಡಿಯನ್ನು ಮುಂದಿನ ಮೆಟ್ಟಿಲಿಗೇ ತಾಗಿಸಿ ನಿಲ್ಲಿಸುತ್ತಿದ್ದಳು. ಪೊಲೀಸರು ಬೈದರೂ ಅಷ್ಟೇ. “ಆ ಹಿಂದಿನ ಜಾಗ ನಂಗೆ ಆಗ್ಬರಲ್ಲ” ಎನ್ನುತ್ತಿದ್ದಳು.

ಒಂದು ಶುಕ್ರವಾರ ಸಂಜೆ, ಕಚೇರಿ ಮುಚ್ಚುವ ಹೊತ್ತು. ಈ ಸಲ ಕಿಟಕಿಯ ಆಚೆ ನಿಂತವಳು ಕಾರ್ಲೀನ್. ಅವಳ ಜೊತೆ ಟೋಪಿ ಹಿಡಿದು, ಅವಳನ್ನು ಮದುವೆಯಾಗಲಿದ್ದ ವೆಂಡೆಲ್ ಬಂದಿದ್ದ. ಅವನಿಗೆ ಸೋಮವಾರ ಹೃದಯದ ಆಪರೇಷನ್ ಎಂದು ಡಾಕ್ಟರು ಹಿಂದಿನ ದಿನವಷ್ಟೇ ಹೇಳಿದ್ದರು. ಗಂಡನಾಗಿಯೇ ಒಳಗೆ ಹೋಗುತ್ತೇನೆಂದು ವೆಂಡೆಲ್ ಹಟ ಹಿಡಿದಿದ್ದ. ನಾಳೆ ಬೆಳಿಗ್ಗೆ ಚರ್ಚಿನಲ್ಲಿ ಮದುವೆ. ಮದುವೆಯೂಟಕ್ಕೆ ಹಂದಿಯ ತೊಡೆ ಆಗಲೇ ಒಲೆಯಲ್ಲಿ ಬೇಯುತ್ತಿತ್ತು.

“ಬೇಗ ಬೇಗ, ಸಿಸ್ಟರ್,” ಎಂದಳು ಕಾರ್ಲೀನ್ ನಗುತ್ತ. “ನಂಗೆ ನಾನೇ ಪರವಾನಗಿ ಕೊಟ್ಕೊಳ್ಳೋ ಹಾಗಿದ್ರೆ ನಿಮಗ್ಯಾಕೆ ತೊಂದ್ರೆ ಕೊಡ್ತಿದ್ದೆ?”

“ಟಯರ್ ಅಂಗಡಿ ಡ್ವೈಟ್ ನಿಮ್ಮ ಮೊದಲ್ನೇ ಗಂಡ ಅಲ್ವಾ? ಇನ್ನೂ ಇದಾನಲ್ಲ?”

“ಗಟ್ಟಿಮುಟ್ಟಾಗಿದಾನೆ. ಡೈವೋರ್ಸಾಗಿ ಎಂಟು ವರ್ಷ ಆಯ್ತು. ಯಾಕೆ?”

“ಗಂಡ ಬದುಕಿರುವಾಗ ಇನ್ನೊಬ್ಬನನ್ನ ಕಟ್ಕೊಂಡ್ರೆ ಅದು ಹಾದರ. ಬೈಬಲಲ್ಲೇ ಬರೆದಿದೆ. ನಮ್ಮ ಗುಡ್ಡದ ಚರ್ಚಲ್ಲಿ ಇವತ್ತಿಗೂ ಅದೇ ಮಾತು.” ವರ್ಡಿ ಪೆನ್ನನ್ನು ಮೇಜಿನ ಮೇಲಿಟ್ಟಳು. “ನನ್ನ ನಂಬಿಕೆ ಒಪ್ಪಲ್ಲ.”

ಕಾರ್ಲೀನ್ ಮೊದಲು ನಕ್ಕಳು. ಆಮೇಲೆ ಬೋರ್ಡು ಕಣ್ಣಿಗೆ ಬಿತ್ತು. ಆ ಕಚೇರಿಯಲ್ಲಿ ಪರವಾನಗಿ ಕೊಡಬಲ್ಲವರು ಇದ್ದದ್ದು ಇಬ್ಬರೇ, ಎರಡನೆಯವಳು ತಾನೇ.

“ನಿಮ್ಮನ್ನ ಕೆಲ್ಸದಿಂದ ತೆಗೀತೀನಿ!”

“ತೆಗೆಯೋಕಾಗಲ್ಲ. ಕಾನೂನು ತಂದೋರು ನೀವೇ ಅಲ್ವಾ?”

“ವರ್ಡಿ, ನಿಮ್ಮ ಕಾಲಿಗೆ ಬೀಳ್ತೀನಿ. ಇವನ ಹೆಣ್ಮಕ್ಕಳಿಗೆ ನನ್ನ ಕಂಡ್ರೆ ಆಗಲ್ಲ. ಹೆಂಡ್ತಿ ಅಂತ ಆಗ್ದೇ ಇದ್ರೆ ಅವರು ನನ್ನ ಆ ರೂಮಿಗೆ ಬಿಡಲ್ಲ. ಅವನಿಗೇನಾದ್ರೂ ಆದ್ರೆ—”

“ಹೊರಗೆ ಕುರ್ಚಿ ಹಾಕಿರ್ತಾರೆ. ಪ್ಲಾಸ್ಟಿಕ್ಕಿಂದು. ಕೂತ್ಕೊಂಡ್ರೆ ಬೆನ್ನು ಹಿಡ್ಕೊಳುತ್ತೆ. ಬಾಗಿಲು ತೆಗೆದಾಗ್ಲೆಲ್ಲ ಕಾಲು ಮಾತ್ರ ಕಾಣುತ್ತೆ.”

ವೆಂಡೆಲ್ ಬೆಂಚು ಹುಡುಕಿಕೊಂಡು ಕುಳಿತ. ವರ್ಡಿ ಅವನತ್ತ ನೋಡಲಿಲ್ಲ. ನೋಡಿದರೆ ಮನಸ್ಸು ಕರಗೀತೆಂದು ಹೆದರಿದ್ದಳು. ಕರಗಿಸಿಕೊಳ್ಳಲು ಅವಳು ಇಷ್ಟು ದಿನ ಕಾದಿರಲಿಲ್ಲ.

“ಪಕ್ಕದ ಕೌಂಟಿಗೆ ಹೋಗಿ,” ಎಂದಳು. “ರಸ್ತೆ ಚೆನ್ನಾಗಿದೆ.”

ಅಲ್ಲಿನ ಕಚೇರಿಯೂ ಇಷ್ಟು ಹೊತ್ತಿಗೆ ಮುಚ್ಚಿರುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಕಾರ್ಲೀನ್ ಕಿಟಕಿಯ ಚೌಕಟ್ಟು ಹಿಡಿದುಕೊಂಡಳು. ಆ ಮಾತು ತನ್ನದೇ ಎಂದು ಈಗ ಅವಳಿಗೆ ನೆನಪಾಯಿತು. ಆದರೆ ಅದನ್ನು ಹೇಳಿದಾಗ ಕಚೇರಿಯಲ್ಲಿ ವರ್ಡಿ ಇರಲಿಲ್ಲ.

“ಯಾರ್ರೀ ನೀವು?”

ವರ್ಡಿ ಕಿಟಕಿಯ ಗಾಜಿಗೆ ಕೈ ಹಾಕಿದಳು.

“ಅವತ್ತು ಗಾಡಿ ನಿಲ್ಸೋಕೆ ಹೋಗಿದ್ದು ನಾನು.”